ಹೇಳಿಕೊಟ್ಟ ಒಪ್ಪಿಗೆ

ಯೆರವಡಾ, ಪುಣೆ
೧೪ ಜುಲೈ ೨೦೨೫

ಕೂಡಿದ ಮಹಾಸಭೆಯ ತಂದೆತಾಯಿಗಳೇ, ಗದ್ದಲ ಬಿಟ್ಟು ಕೇಳಿರಿ! ನೋಡವ್ವಾ, ನಾಟಕದ ಬಣ್ಣ ಹಚ್ಚಿ ಬೆಳೆದವನ ಚಾಳಿ, ಕಾಗದದಲ್ಲೂ ಕೂಗಿಬಿಟ್ಟೆ. ಇದು ಸಭೆಗಲ್ಲ, ನಿನಗೊಬ್ಬಳಿಗೇ. ಓದಿ ಹರಿದುಹಾಕು.

ಪ್ರೀತಿಯ ಮಗಳು ಶರಣಮ್ಮಗೆ ಅಪ್ಪನ ಆಶೀರ್ವಾದ. ಸೊಂಟನೋವು ಇಳಿಯಿತೇ? ಮಡಗಾಂವದ ಮಳೆಯಲ್ಲಿ ಕಟ್ಟಡದ ಕೆಲಸ ನಡೆದಿದೆಯೋ, ನಿಂತಿದೆಯೋ? ನಿನ್ನ ಮಗಳು ಶೀತಲ ಆರಾಮಾಗಿದ್ದಾಳೆ. ಹತ್ತನೇ ಇಯತ್ತೆಯ ಓದು, ಎಚ್‌ಐವಿ ಗುಳಿಗೆ, ಎರಡನ್ನೂ ತಪ್ಪಿಸಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ದನಿಯನ್ನು ಈ ತಗಡಿನ ಗೋಡೆಗಳು ತಡೆಯುವುದಿಲ್ಲ, ಓಣಿಗೆಲ್ಲ ಕೇಳುತ್ತದೆ.

ಇನ್ನು ನನ್ನ ಹೊಟ್ಟೆಯ ಬೆಂಕಿ ಕೇಳು. ಇವತ್ತು ಶೀತಲಳನ್ನು ಕರೆದುಕೊಂಡು ಗುಳಿಗೆ ತರಲು ದವಾಖಾನೆಗೆ ಹೋದರೆ, ಅಲ್ಲೊಂದು ಸಂಶೋಧನೆ. ದಿನದ ಗುಳಿಗೆಯ ಬದಲು ಎರಡು ತಿಂಗಳಿಗೊಮ್ಮೆ ಸೂಜಿ ಚುಚ್ಚಿ, ಹದಿಹರೆಯದವರಿಗೆ ಒಗ್ಗುವುದೋ ಇಲ್ಲವೋ ನೋಡುತ್ತಾರಂತೆ. ನೋಡಲಿ, ಮಕ್ಕಳ ಮದ್ದನ್ನು ಮಕ್ಕಳಲ್ಲೇ ನೋಡಬೇಕಲ್ಲ. ಆದರೆ ಆ ಕೆಲಸದ ದೀಪಾಲಿ ಮೇಡಂ ಏನು ಮಾಡಿದಳು ಗೊತ್ತೇ? ಒಪ್ಪಿಗೆಯ ಕಾಗದವನ್ನು ಗಡಗಡ ಮರಾಠಿಯಲ್ಲಿ ಓದಿ, “ತಯಾರಿದ್ದೀಯಾ?” ಎಂದು ಕೇಳಿ, ಹುಡುಗಿ ಉಸಿರೆಳೆಯುವುದರೊಳಗೆ ತಾನೇ “ಹೋ ಮ್ಹಣ, ಬಾಳಾ” ಅಂದಳು. ಹೂಂ ಅನ್ನು ಮಗೂ, ಅಂತ! ಶೀತಲ “ಹೋ” ಅಂದಳು. ಮುಗಿಯಿತು, ಒಪ್ಪಿಗೆ!

ಎಲಾ ಎಲಾ! ಮಾತು ಮರೆತ ಪಾತ್ರಧಾರಿಗೆ ಪರದೆಯ ಹಿಂದಿನಿಂದ ಹೇಳಿಕೊಡುವುದು ನಮ್ಮ ನಾಟಕ ಕಂಪನಿಯ ಪದ್ಧತಿ. ಈ ಹುಡುಗಿ ಮಾತು ಮರೆತಿದ್ದಳೇ? ಅವಳ ಮಾತು ಇನ್ನೂ ಹುಟ್ಟೇ ಇರಲಿಲ್ಲ! ಗರ್ಜಿಸಲು ಎದ್ದೆ. ಶೀತಲ ನನ್ನ ಧೋತರ ಜಗ್ಗಿ, “ಕುಂದರು ಅಜ್ಜಾ, ನಿನ್ನ ದನಿ ಭೋಸರಿ ತನಕ ಕೇಳ್ತದ. ನನ್ನ ಬ್ಯಾನಿ ಊರಿಗೆಲ್ಲ ಸಾರಬ್ಯಾಡ” ಅಂದಳು. ಹಲ್ಲು ಕಚ್ಚಿ ಕುಳಿತೆ.

ಮನೆಗೆ ಬಂದು ಅವಳು ಕೇಳಿದ್ದು ಒಂದೇ ಮಾತು: “ಒಲ್ಲೆ ಅಂದ್ರ ದಿನದ ಗುಳಿಗಿನೂ ನಿಲ್ಲಸ್ತಾರೇನಜ್ಜಾ?” ಶರಣವ್ವಾ, ಜೀವಭಯದಿಂದ ಅಂದದ್ದನ್ನು ಒಪ್ಪಿಗೆ ಅಂತ ಬರೆದುಕೊಂಡರಲ್ಲೇ! ಆ ಹೆಜ್ಜೆಯಲ್ಲೇ ತಿರುಗಿ ಹೋಗಿ ದೊಡ್ಡ ಡಾಕ್ಟರ ಬಾಗಿಲು ಬಡಿದೆ. ದನಿ ತಗ್ಗಿಸಿಯೇ ಗುಡುಗಿದೆ. “ಗುಳಿಗೆ ಯಾವ ಕಾರಣಕ್ಕೂ ನಿಲ್ಲುವುದಿಲ್ಲ. ಅವಳೊಬ್ಬಳನ್ನೇ ಕೂಡಿಸಿ ಎಲ್ಲಾ ಮೊದಲಿನಿಂದ ಹೇಳುತ್ತೇನೆ, ನಾಳೆ ಕರೆತನ್ನಿ” ಅಂದರು.

ಹೊತ್ತಿಗೆ ಸರಿಯಾಗಿ ಉಣ್ಣು ತಾಯಿ, ನೂರು ವರ್ಷ ಬಾಳು.

ನಿನ್ನ ಅಪ್ಪ,
ಕಾಶಪ್ಪ

ತಾ.ಕ.: ಸಣ್ಣವಳಾದ್ದರಿಂದ ತಾಯಿಯ ಸಹಿಯೂ ಬೇಕಂತೆ. ಅದಕ್ಕಾಗಿ ಅವರು ನಿನಗೆ ಫೋನು ಮಾಡಿದರೆ, ಮಗಳ ಮಾತು ಕೇಳುವ ತನಕ ಹೂಂ ಅನ್ನಬೇಡ, ಊಹೂಂ ಕೂಡ ಅನ್ನಬೇಡ. ನನಗೇನೋ ಆ ಸೂಜಿ ಬೇಡವೇ ಬೇಡ. ಅವಳಿಗೆ ಬೇಕು ಅನಿಸಲೂಬಹುದು. ಗೆಳತಿಯರಿಂದ ಗುಳಿಗೆಯ ಡಬ್ಬಿ ಮುಚ್ಚಿಡುವ ಕಾಟ ತಪ್ಪುತ್ತದೆ. ನಾಳೆ ಮುಂಜಾನೆ ಅವಳನ್ನು ಡಾಕ್ಟರ ಕೋಣೆಯೊಳಗೆ ಬಿಟ್ಟು, ನಾನು ಹೊರಗಿನ ಬೆಂಚಿನ ಮೇಲೆ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕೂಡುತ್ತೇನೆ. ಅವಳು ಹೊರಗೆ ಬಂದು ತನ್ನ ಮಾತು ಹೇಳುವ ತನಕ ಉಗುಳುವುದಿಲ್ಲ.