ಮೂರನೆಯ ಉಂಗುರ

ಮಾರ್ಚ್ 3, ಸೋಮವಾರ

ಗೇಟಿಗೆ ಎರಡನೇ ಕೋಟು ಮುಗಿಯಿತು. ಕಪ್ಪು. ಕಪ್ಪು ಬಳಿಯಲು ನಾನೇ ಬೇಕಿಲ್ಲ, ಬ್ರಷ್ ಹಿಡಿಯಲು ಬರುವ ಯಾರಾದರೂ ಸಾಕು. ನಲವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದ ಕೈ ಇದು. ಈಗ ಬಣ್ಣವನ್ನು ಕಂಪ್ಯೂಟರ್ ಹೊಂದಿಸಿಕೊಡುತ್ತದೆಯಂತೆ. ನನ್ನ ಪಾಲಿಗೆ ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕಿನ ಏಣಿ.

ಊಟ ಸೈಟಿನ ಇಟ್ಟಿಗೆ ರಾಶಿಯ ಮೇಲೆ. ಕೆಲಸದವರೆಲ್ಲ ಫೋನು ನೋಡುತ್ತ ತಿನ್ನುತ್ತಾರೆ. ಇಡೀ ದಿನ ನಾನು ಆಡಿದ ಮಾತು ಎರಡು — "ಥಿನ್ನರ್ ಎಲ್ಲಿ?", "ಒಣಗಿಲ್ಲ, ಮುಟ್ಟಬೇಡಿ." ನನ್ನ ಹೆಂಡತಿ ತೀರಿಹೋಗಿ ನಾಲ್ಕು ವರ್ಷ. ಅಲ್ಲಿಂದ ಈಚೆಗೆ ಬಾಯಿ ಇರುವುದು ಬರೀ ತಿನ್ನುವುದಕ್ಕೆ. ಮಾತೆಲ್ಲ ಈ ಪುಸ್ತಕಕ್ಕೆ.

ಮಾರ್ಚ್ 5

ಸೈಟಿನ ಹಿಂದಿನ ಹಳೇ ಗೋದಾಮಿನ ಬೀಗ ಒಡೆದರು. ಒಳಗೆ ಒಂದು ಕಾರು! ಮೈಮೇಲೆ ಬೆರಳು ದಪ್ಪ ಧೂಳು. ನಾಲ್ಕು ಚಕ್ರಕ್ಕೂ ಗಾಳಿಯಿಲ್ಲ. ನಂಬರ್ ಪ್ಲೇಟ್ ಇಲ್ಲ. ಯಾರದೋ ಏನೋ, ಕೇಳುವವರೇ ಇಲ್ಲ.

ಸೈಟ್ ಇಂಜಿನಿಯರ್ ಹೆಣ್ಣುಮಗಳು ನನ್ನನ್ನು ಕರೆದಳು. "ಅಂಕಲ್, ನೀವು ಕಾರ್ ಪೇಂಟರ್ ಆಗಿದ್ರಂತೆ. ಇದು ಯಾವ ಕಾರು?"

ನಾನು ಬಾಯಿ ತೆರೆಯುವ ಮೊದಲೇ ಗುಜರಿಯವನು ಶುರು ಮಾಡಿದ. "ಮುಂದಿನ ಜಾಲರಿ ನೋಡಿ ಮೇಡಂ, ಡೀಸೆಲ್ ಇಂಜಿನ್ ನೋಡಿ. ಇದೇನ್ ಮಹಾ, ನಲವತ್ತು ವರ್ಷದ್ದು. ತೂಕಕ್ಕೆ ಹಾಕಿಬಿಡಿ."

ತೂಕಕ್ಕೆ ಹಾಕಲು ಅವಳಿಗೆ ಮನಸ್ಸಿಲ್ಲ. ಹಳೇ ಕಾರುಗಳ ಕ್ಲಬ್ಬಿಗೆ ಫೋನು ಮಾಡಿದಳು. ಯಾವ ಕಾರು, ಯಾವ ವರ್ಷದ್ದು ಎಂದು ಪುರಾವೆ ಸಮೇತ ತೋರಿಸಿದರೆ ಅವರೇ ಒಯ್ಯುತ್ತಾರಂತೆ. ಇಲ್ಲದಿದ್ದರೆ ಹದಿನೇಳಕ್ಕೆ ಗುಜರಿ ಲಾರಿ.

"ನಾನು ನೋಡ್ತೀನಮ್ಮ" ಅಂದುಬಿಟ್ಟೆ. ಯಾಕೆ ಅಂದೆನೋ. ಯಾರಿಗೂ ಬೇಡವಾಗಿ ಮೂಲೆಯಲ್ಲಿ ಕೂತಿತ್ತಲ್ಲ, ಅದಕ್ಕೇ ಇರಬೇಕು.

ಮಾರ್ಚ್ 6

ಊಟ ಕಾರಿನೊಳಗೆ ಕೂತೇ ಮಾಡಿದೆ. ಸೀಟು ಹರಿದಿದೆ, ಸ್ಪ್ರಿಂಗು ಚುಚ್ಚುತ್ತದೆ. ಆದರೂ ನಾಲ್ಕು ಕಡೆ ಬಾಗಿಲು ಮುಚ್ಚಿಕೊಂಡು ಕೂತರೆ ಒಂದು ಥರ ಹಿತ.

ಜಾಲರಿ ಇದರದ್ದಲ್ಲ. ಹಿಂದೆ ಹಳೇ ಸ್ಕ್ರೂ ತೂತುಗಳು ಬೇರೆ ಜಾಗದಲ್ಲಿವೆ. ಇಂಜಿನ್ನೂ ಇದರದ್ದಲ್ಲ. ಬಾಗಿಲ ನಡುವಿನ ಕಂಬದಲ್ಲಿ ಕೈಯಂತೆ ಹೊರಗೆ ಚಾಚುವ ಸಿಗ್ನಲ್ ಇದೆ. ಎಡಗಡೆಯದು ಬೆರಳಲ್ಲಿ ಎತ್ತಿದರೆ ಇನ್ನೂ ಏಳುತ್ತದೆ! ಗೇರ್ ನೆಲದಲ್ಲಿದೆ. ಬೆನ್ನಿನ ಉಬ್ಬು, ಹಿಂಬಾಗಿಲಿನ ವಾರೆ... ಆಸ್ಟಿನ್ ಎ-40. ಡೆವನ್. ಐವತ್ತೊಂದರಿಂದ ಈಚೆಗಿನದಕ್ಕೆ ಗೇರು ಸ್ಟೀರಿಂಗಿಗೆ ಬಂತು. ಇದು ಅದಕ್ಕೂ ಹಿಂದಿನದು. ನಲವತ್ತು ವರ್ಷವಂತೆ, ಎಪ್ಪತ್ತು ದಾಟಿದೆ.

ಇಂಜಿನಿಯರ್ ಕ್ಲಬ್ಬಿಗೆ ಹೇಳಿದಳು. ಅವರಿಗೆ ನನ್ನ ಮಾತು ಸಾಲದು. ನಾಲ್ಕು ಗಾಡಿ ಕಡಿದು ಒಂದು ಮಾಡಿದ ಕಲಸುಮೇಲೋಗರ ಇರಬಹುದು, ಬಾಡಿ ಒಂದೇ ಎಂದು ತೋರಿಸಿ, ಜೊತೆಗೆ ರಿಜಿಸ್ಟ್ರೇಷನ್ ನಂಬರ್ ಕೊಡಿ ಅಂದರಂತೆ.

ಬಾಡಿ ಒಂದೇ ಎಂದು ತೋರಿಸುವುದು ನನಗೆ ನೀರು ಕುಡಿದ ಹಾಗೆ. ನಂಬರ್ ಎಲ್ಲಿಂದ ತರಲಿ?

ಮಾರ್ಚ್ 8, ಶನಿವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬಣ್ಣ ಉಜ್ಜುವ ವಾಟರ್ ಪೇಪರ್ ಒದ್ದೆ ಮಾಡಿಕೊಂಡು ಒಂದೊಂದು ಬಾಗಿಲ ಮೇಲೂ ಅಂಗೈಯಗಲ ಉಜ್ಜಿದೆ. ಮೆಲ್ಲಗೆ, ಗುಂಡಗೆ. ನಡುವೆ ತಗಡು ಕಾಣುವ ತನಕ. ಆಗ ಹೊಡೆದ ಬಣ್ಣವೆಲ್ಲ ಉಂಗುರ ಉಂಗುರವಾಗಿ ಹೊರಬರುತ್ತದೆ, ಕಡಿದ ಮರದ ಬುಡದ ಹಾಗೆ. ಒಳಗಿನಿಂದ ಎಣಿಸಬೇಕು. ತಳಕ್ಕೆ ಹೊಡೆಯುವ ಪ್ರೈಮರ್ ಬಿಟ್ಟು — ಕಪ್ಪು, ಕೆನೆ, ನೀಲಿ, ಕೆಂಗಂದು, ಬಿಳಿ. ನಾಲ್ಕು ಬಾಗಿಲು, ಬಾನೆಟ್ಟು, ಟಾಪು, ಎಲ್ಲಕ್ಕೂ ಅದೇ ಐದು. ಜಾಲರಿಗೆ ಮಾತ್ರ ಎರಡು. ಅದು ಆಮೇಲೆ ಬಂದ ಸೊಸೆ. ಬಾಡಿ ಒಂದೇ.

ಗೆದ್ದೆ ಅಂದುಕೊಂಡು ಟ್ಯೂಬ್‌ಲೈಟ್ ಹತ್ತಿರಕ್ಕೆ ಎಳೆದು ಮೂರನೆಯ ಉಂಗುರ ನೋಡಿದೆ. ಆ ನೀಲಿ. ಎಡ ಮಡ್‌ಗಾರ್ಡಿನಡಿ ತಗ್ಗು ಮುಚ್ಚಲು ಪುಟ್ಟಿ ತುಂಬಿದ ಗುರುತು ತಡವಿದೆ. ನನ್ನದೇ ಕೈ. ಇದು ಡಾಕ್ಟರ ಕಾರು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಮೂವತ್ತೊಂದು ವರ್ಷದ ಹಿಂದೆ. ಅಣ್ಣನದೂ ನನ್ನದೂ ಒಂದೇ ಶೆಡ್ಡು. ಡಾಕ್ಟರಿಗೆ ಅವಸರ. ಬೇರೆ ಗಾಡಿಯ ನೀಲಿ ಚೂರು ತೋರಿಸಿ ಇದೇ ನೀಲಿ ಬೇಕು ಅಂದರು. ನಾನು ಬೆರೆಸಿದೆ, ನಾನೇ ಹೊಡೆದೆ. ಬೆಳಗ್ಗೆ ಡಾಕ್ಟರು ಬಂದು ಇದಲ್ಲ ಅಂದರು. ಅಣ್ಣ ಅಂಗಳದಲ್ಲಿ ಗಾಡಿ ನೋಡಿ ಬಂದವನೇ, ಎಲ್ಲರೆದುರು — "ನಿನಗೆ ಕಣ್ಣಿಲ್ಲ. ಕಣ್ಣಿಲ್ಲದವನಿಗೆ ಈ ಕೆಲಸ ಯಾಕೆ?" ಸ್ಪ್ರೇ ಗನ್ ಬಿಸಾಕಿ ಹಿಂಬಾಗಿಲಿನಿಂದ ಹೊರಟೆ. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಅವನೇ ಇಡೀ ಗಾಡಿಗೆ ಹೊಸದಾಗಿ ಸರಿಯಾದ ನೀಲಿ ಹೊಡೆದ ಎಂದು ಊರೆಲ್ಲ ಹೇಳಿದರು.

ಹಾಗಿದ್ದರೆ ಇಲ್ಲಿ ಎರಡು ನೀಲಿ ಇರಬೇಕಿತ್ತು. ಇರುವುದು ಒಂದೇ. ಭೂತಗನ್ನಡಿಯಲ್ಲೂ ನೋಡಿದೆ, ಒಂದೇ. ನನ್ನ ಬಣ್ಣವನ್ನೇ ಪಾಲಿಶ್ ಮಾಡಿ ಕಳಿಸಿದ್ದಾನೆ! ನನ್ನ ಹೆಸರು ಕೆಡಿಸಿ, ನನ್ನ ಕೆಲಸ ಉಳಿಸಿಕೊಂಡಿದ್ದಾನೆ.

ಸಂತೋಷವಾಗಬೇಕಿತ್ತು. ಬರುತ್ತಿರುವುದು ಬರೀ ಸಿಟ್ಟು.

ಮಾರ್ಚ್ 13, ಗುರುವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಯೋಚನೆ ಮಾತ್ರ.

ನಂಬರ್ ಸಿಗುವ ಜಾಗ ಒಂದೇ. ಅಣ್ಣನಿಗೊಂದು ಅಭ್ಯಾಸ — ಹೊಡೆದ ಪ್ರತಿ ಬಣ್ಣದ ಮಾದರಿಯನ್ನು ಪೇಂಟ್ ಡಬ್ಬಿಯ ಮುಚ್ಚಳಕ್ಕೆ ಬಳಿದು, ಹಿಂದೆ ಗಾಡಿ ನಂಬರ್, ಮಾಡೆಲ್, ತಾರೀಕು ಬರೆದಿಡುತ್ತಿದ್ದ. ಮುಂದೆ ಅದೇ ಗಾಡಿ ಬಂದರೆ ಬೇಕಾಗುತ್ತದೆ ಅನ್ನುತ್ತಿದ್ದ.

ನನ್ನವಳ ಹಳೇ ಪುಸ್ತಕದಲ್ಲಿ ಅತ್ತಿಗೆಯ ನಂಬರ್ ಇತ್ತು. ಇವಳು ಹೋದ ದಿನ ಅಣ್ಣ ಬಂದಿದ್ದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತೇ ಇದ್ದ. ನಾನು ಒಳಗೆ ಬಾ ಅನ್ನಲಿಲ್ಲ. ಅರ್ಧ ಗಂಟೆ ನಿಂತು ಹೋದ.

ಇವತ್ತು ಫೋನು ಮಾಡಿದೆ. ಅತ್ತಿಗೆ ನನ್ನ ದನಿ ಕೇಳಿ, "ಅಯ್ಯೋ, ನೀನಾ!" ಅಂದರು. ಸೈಟಿನ ವಿಳಾಸ, ಹದಿನೇಳಕ್ಕೆ ಲಾರಿ ಬರುವುದು ಹೇಳಿದೆ. ಅವನ ಕೈಗೆ ಫೋನು ಕೊಟ್ಟರು.

"ಡಾಕ್ಟರ್ ಗಾಡಿ ಸಿಕ್ಕಿದೆ. ನಂಬರ್ ಬೇಕು. ಮುಚ್ಚಳ ಇದ್ಯಾ?"

"...ಹುಡುಕ್ಬೇಕು."

ಅಷ್ಟಕ್ಕೇ ಇಡಬೇಕಿತ್ತು. ನಾಲಿಗೆ ಕೇಳಲಿಲ್ಲ. "ಉಜ್ಜಿ ನೋಡ್ದೆ. ಒಂದೇ ನೀಲಿ ಇದೆ. ನೀನು ಮತ್ತೆ ಹೊಡೆದೇ ಇಲ್ಲ. ನನ್ನದನ್ನೇ ಕೊಟ್ಟು ಕಳಿಸಿ, ನನಗೆ ಕಣ್ಣಿಲ್ಲ ಅಂದೆ."

ಆ ಕಡೆಯಿಂದ ಫೋನು ಕಟ್ಟಾಯಿತು.

ಮಾರ್ಚ್ 15

ಫೋನಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಂಜಿನಿಯರ್ ಕೇಳಿದಳು, ನಂಬರ್ ಸಿಕ್ತಾ ಅಂಕಲ್ ಅಂತ. ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ಅವಳಿಗೇ ಗೊತ್ತು. ಕಾರಿನಲ್ಲಿ ಕೂತು ಊಟ ಮಾಡಿದೆ. ಸೋಮವಾರದಿಂದ ಮತ್ತೆ ಇಟ್ಟಿಗೆ ರಾಶಿ.

ಮಾರ್ಚ್ 17, ಸೋಮವಾರ, ಸಂಜೆ

ಹತ್ತು ಗಂಟೆಗೆ ಗುಜರಿ ಲಾರಿ ಬಂತು. ಸರಪಳಿ ಕಟ್ಟಿ ಕಾರನ್ನು ಗೋದಾಮಿನಿಂದ ಅಂಗಳಕ್ಕೆ ಎಳೆದರು. ಎಷ್ಟೋ ವರ್ಷದ ಮೇಲೆ ಅದಕ್ಕೆ ಬಿಸಿಲು ಬಿತ್ತು. ಕೊನೆಯ ಸಲ ಎಂದು ಬಾಗಿಲ ಹತ್ತಿರ ಹೋದೆ.

ಮೂರನೆಯ ಉಂಗುರ ಒಂದಲ್ಲ. ಎರಡು.

ಒಳಗಡೆ ಒಂದು ನೀಲಿ, ಹಸಿರು ತಿರುಗಿದ್ದು. ಅದಕ್ಕೆ ಅಂಟಿಕೊಂಡೇ ಇನ್ನೊಂದು, ಶುದ್ಧ ನೀಲಿ. ನಡುವೆ ಪ್ರೈಮರ್ ಇಲ್ಲ, ನನ್ನದು ಇನ್ನೂ ಹಸಿ ಇತ್ತಲ್ಲ. ಗೋದಾಮಿನ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಕಂಡಿದ್ದವು. ಬಿಸಿಲಿನಲ್ಲಿ ಕುರುಡನಿಗೂ ತಿಳಿಯುವಷ್ಟು ಬೇರೆ.

ಆಗ ನೆನಪಾಯಿತು. ಡಾಕ್ಟರ ಅವಸರಕ್ಕೆ ಆ ಸಂಜೆ ಟ್ಯೂಬ್‌ಲೈಟಿನಲ್ಲಿ ಬೆರೆಸಿದ್ದೆ. ಬಣ್ಣ ಬಿಸಿಲಲ್ಲಿ ನೋಡು — ಶೆಡ್ಡಿನ ಮೊದಲ ಪಾಠ ಅದು. ಅಣ್ಣನೇ ಕಲಿಸಿದ್ದು. ಅವತ್ತೂ ಮರೆತೆ, ಎಂಟನೇ ತಾರೀಕೂ ಮರೆತೆ. ಒಂದು ತಪ್ಪನ್ನು ಮೂವತ್ತೊಂದು ವರ್ಷ ಬಿಟ್ಟು ಮತ್ತೆ ಮಾಡಿದೆ. ನಾಚಿಕೆಯಿಂದ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತೆ.

ಲಾರಿಯವನು ಹುಕ್ಕು ಹಾಕುತ್ತಿದ್ದ. ಗೇಟಿನಲ್ಲಿ ಆಟೋ ನಿಂತಿತು. ಅತ್ತಿಗೆ ಇಳಿದರು. ಅವರ ಭುಜ ಹಿಡಿದು ಅಣ್ಣ. ಎಷ್ಟು ಸಣ್ಣಗಾಗಿದ್ದಾನೆ! ಕೈಯಲ್ಲಿ ಬಟ್ಟೆ ಚೀಲ.

"ಇವರ ಕಣ್ಣು ಹೋಗಿ ಎರಡು ವರ್ಷ ಆಯ್ತಪ್ಪಾ" ಅತ್ತಿಗೆ ಮೆಲ್ಲಗೆ ಅಂದರು, "ಬೆಳಕು ಗೊತ್ತಾಗುತ್ತೆ, ಬಣ್ಣ ಗೊತ್ತಾಗಲ್ಲ. ನೀನು ಫೋನ್ ಮಾಡಿದಾಗಿಂದ ಅಟ್ಟದ ಮೇಲಿನ ಮುಚ್ಚಳ ಎಲ್ಲಾ ಇಳಿಸಿ ಒಂದೊಂದೇ ನನ್ನ ಕೈಲಿ ಓದಿಸಿದ್ರು."

ಚೀಲದಲ್ಲಿದ್ದ ಮುಚ್ಚಳ ತೆಗೆದು ಇಂಜಿನಿಯರ್‌ಗೆ ಕೊಟ್ಟೆ. ನೀಲಿ ಬಳಿದ ಮುಚ್ಚಳದ ಹಿಂದೆ ಅಣ್ಣನ ಅಕ್ಷರ. ಗಾಡಿ ನಂಬರ್. ಆಸ್ಟಿನ್ ಎ-40, 1949. ಅವಳು ಅಲ್ಲೇ ನಿಂತು ಕ್ಲಬ್ಬಿಗೆ ಫೋನು ಮಾಡಿ, ಲಾರಿಯವನಿಗೆ ಹುಕ್ಕು ಬಿಚ್ಚಲು ಹೇಳಿದಳು. ಗುಜರಿಯವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನಗೆ ಅದನ್ನು ನೋಡಿ ನಗಲೂ ಆಗಲಿಲ್ಲ.

ಅಣ್ಣ ಕಾರಿನ ಮೈ ತಡವುತ್ತ ಉಜ್ಜಿದ ಜಾಗಕ್ಕೆ ಬಂದ. ಬೆರಳು ಅಲ್ಲೇ ನಿಂತಿತು.

"ಒಂದೇ ನೀಲಿ ಅಂದ್ಯಲ್ಲ. ಅದೇ ಯೋಚನೆ ನನಗೆ. ಮತ್ತೆ ಹೊಡೆದೆ ಅಂತ ನೆನಪು... ಇಲ್ವೇನೋ. ವಯಸ್ಸಾಯ್ತು. ಸುಮ್ಮಸುಮ್ಮನೆ ನಿನ್ನ ಮೇಲೆ ಕೂಗಾಡಿಬಿಟ್ನೇನೋ." ಮುಖ ನನ್ನ ಕಡೆ ತಿರುಗಿಸಿದ. "ನನಗೆ ಕಾಣಲ್ಲ. ನೀನೇ ಇನ್ನೊಂದ್ಸಲ ನೋಡಿ ಹೇಳು. ನೀನು ಹೇಳಿದ್ದೇ ಆಯ್ತು."

ಹೌದು ಅಣ್ಣ, ಒಂದೇ — ಅಂದಿದ್ದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಅವನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ಅದು.

"ಎರಡಿದೆ ಅಣ್ಣ" ಅಂದೆ. "ಕೆಳಗಿನದು ನಂದು. ಹಸಿರು ಹೊಡೀತಿದೆ. ಮೇಲಿಂದು ನಿಂದು. ಸರಿಯಾಗಿದೆ."

ಅವನು ಉಂಗುರಗಳ ಅಂಚಿನ ಮೇಲೆ ಬೆರಳು ಓಡಿಸಿದ.

"ಟ್ಯೂಬ್‌ಲೈಟಲ್ಲಿ ಬೆರೆಸಿದ್ಯಾ, ಕತ್ತೆ?"

"ಹೂಂ."

ಕೈ ಚಾಚಿ ನನ್ನ ತಲೆ ಹುಡುಕಿದ. ಮೊದಲು ಕಿವಿ ಸಿಕ್ಕಿತು. ಅದನ್ನೇ ಹಿಡಿದುಕೊಂಡ.

ಮಾರ್ಚ್ 18, ಬೆಳಗ್ಗೆ 7.10

ಅಣ್ಣ ಇವತ್ತು ಮನೆಗೆ ಬರುತ್ತಾನೆ. ಹಾಲು ಹೆಚ್ಚು ತಂದೆ. ಕಪಾಟಿನ ಹಿಂದಿದ್ದ ಲೋಟಗಳನ್ನು ತೊಳೆದಿಟ್ಟೆ. ಬಾಗಿಲು ಆರು ಗಂಟೆಯಿಂದ ತೆರೆದೇ ಇದೆ. ಒಳಗೆ ಬಾ ಅನ್ನುವುದನ್ನು ಈ ಸಲ ಜೋರಾಗಿ ಅನ್ನಬೇಕು.

ಕೆಳಗೆ ಆಟೋ ಸದ್ದು. ಅವನ ಕೆಮ್ಮು. ಮೆಟ್ಟಿಲು ಹನ್ನೊಂದಿವೆ, ಕೊನೆಯದು ಎತ್ತರ, ಅವನಿಗೆ ಹೇಳಿಲ್ಲ, ಇಳಿದು ಹೋಗಿ ಕೈ ಹಿಡಿದು...