ಸಂತರಿಲ್ಲದವಳ ಹಬ್ಬ

ಥೆಸಲೊನೀಕಿ
ಅಕ್ಟೋಬರ್ 9, ಸಂಜೆ

ಸ್ವಸ್ತಿ ಶ್ರೀ ಸಮಸ್ತ ಥೆಸಲೊನೀಕಿ ಪುರವರಾಧೀಶ್ವರ, ಬೆಜೆಸ್ತೇನಿ ಹಳೆಪೇಟೆಯ ಆರು ಗುಮ್ಮಟಗಳ ಒಡೆಯ, ಪರರ ಆಲಿವ್ ಕಾಯಿಯ ಮೇಲೆ ಭಾಷಣ ಬಿಗಿಯುವ ಗಂಡುಗಲಿ, ದೊಡ್ಡಪ್ಪನ ಮಗ ಅರ್ಗಿರಿಸ್ ಅವರ ಸನ್ನಿಧಾನಕ್ಕೆ ಪಾಮರಳಾದ ಕಲಿಪ್ಸೊ ತಲೆಬಾಗದೆ ಮಾಡಿಕೊಳ್ಳುವ ಬಿನ್ನಹ.

ಅಣ್ಣ, ಇವತ್ತು ನಿನ್ನ ನಡಿಗೆ ಹಾಳಾದದ್ದು ದೈವೇಚ್ಛೆಯಿಂದಲ್ಲ. ನನ್ನಿಂದ.

ಕಾರಣ ನಿನಗೆ ಗೊತ್ತು. ಊರು ನೋಡಲು ಬಂದವರನ್ನು ಸಂತೆಗೂ ಹಳೆಯ ಕಟ್ಟಡಗಳಿಗೂ ಕರೆದೊಯ್ಯುವ ಈ ನಡಿಗೆಯನ್ನು ಕಟ್ಟಿದ್ದು ನಾವಿಬ್ಬರೂ ಸೇರಿ. ಕಲ್ಲು ನಿನ್ನದು, ರುಚಿ ನನ್ನದು. ಉಪ್ಪಿನಕಾಯಿಯ ದೆಸ್ಪಿನಕ್ಕನನ್ನು ಹತ್ತು ಗಂಟೆಗೆ ಮುಂಚೆ ಮಾತಾಡಿಸಿದರೆ ಬೈಗುಳ ಗ್ಯಾರಂಟಿ ಎಂದು ಕಲಿಸಿದವಳೂ ನಾನೇ. ಈಸ್ಟರ್ ಕಳೆದು ನೋಡಿದರೆ ಹೊಸ ಫಲಕ: 'ಅರ್ಗಿರಿಸ್ ಜೊತೆ ಒಂದು ದಿನ'. ನಾನೆಲ್ಲಿ ಎಂದು ಕೇಳಿದ್ದಕ್ಕೆ, "ಜಾಗ ಸಾಲ್ಲಿಲ್ಲ ಕಣೇ" ಎಂದೆ. ನಿನಗೆ ಕಟ್ಟಡಗಳ ವಯಸ್ಸೆಲ್ಲ ಕಂಠಪಾಠ, ಮನುಷ್ಯರು ಮಾತ್ರ ಮರೆತುಹೋಗುತ್ತಾರೆ. ಆರು ತಿಂಗಳು ಹಲ್ಲು ಕಚ್ಚಿ ಕಾದೆ.

ಯಾರ ಹೆಸರಿನ ಸಂತರ ಹಬ್ಬವೋ ಅವರು ಎಲ್ಲರಿಗೂ ತಿನ್ನಿಸಬೇಕು, ಯಾರೂ ಬೇಡವೆನ್ನಬಾರದು ಎಂಬ ನಮ್ಮ ಪದ್ಧತಿಯೇ ನನ್ನ ಆಯುಧವಾಯಿತು. ಬೆಳಿಗ್ಗೆ ಕಾಪಾನಿ ಸಂತೆಯಲ್ಲಿ ಆಲಿವ್ ಮಾರುವ ಸ್ತೆಲಿಯೋಸ್ ಮಾವನ ಬಳಿ ಹೋಗಿ, "ಇವತ್ತು ನನ್ನ ಹೆಸರಿನ ಹಬ್ಬ. ಅರ್ಗಿರಿಸ್ ಹಿಂದೆ ಎಂಟು ಜನ ಡಚ್ಚರು ಬರ್ತಾರೆ, ನನ್ ಲೆಕ್ಕದಲ್ಲಿ ಸರಿಯಾಗಿ ತಿನ್ಸಿ" ಎಂದೆ.

"ಲೇ, ನಿನ್ ಹೆಸರಿಗೆ ಸಂತರೇ ಇಲ್ವಲ್ಲೇ!"

"ಈ ವರ್ಷ ಸೇರ್ಸಿದಾರೆ ಮಾವ."

ಮಾವ ಶಿಲುಬೆಯ ಗುರುತು ಮಾಡಿಕೊಂಡು, "ತಡವಾದ್ರೂ ಬಂದ್ರಲ್ಲ ಪುಣ್ಯಾತ್ಮರು" ಎಂದು ಪೀಪಾಯಿಯ ಮುಚ್ಚಳ ತೆಗೆದ.

ಸುದ್ದಿ ಸಂತೆಯಿಡೀ ಹರಡಿತು. ಆಮೇಲಿನದನ್ನು ಒಣಮೆಣಸಿನ ಸರಗಳ ಹಿಂದೆ ನಿಂತು ಕಣ್ತುಂಬ ನೋಡಿದೆ. ಆಲಿವ್, ಚೀಸ್, ಎಳ್ಳು ಹಚ್ಚಿದ ಕುಲೂರಿ, ಕೆನೆ ತುಂಬಿದ ಬುಗಾತ್ಸಾ. ನಿನ್ನ ಉದ್ದನೆಯ ಡಚ್ಚ ಹೊಟ್ಟೆ ಹಿಡಿದುಕೊಂಡು ಸಾಕೆಂದಾಗ ದೆಸ್ಪಿನಕ್ಕ ಸೊಂಟದ ಮೇಲೆ ಕೈಯಿಟ್ಟು, "ಹುಡುಗಿ ಹಬ್ಬದ ದಿನ ಬೇಡ ಅಂತೀಯಾ? ಬಾಯಿ ತೆಗಿ!" ಎಂದು ಗದರಿದಳು. ಪಾಪ, ಭಾಷೆ ತಿಳಿಯದಿದ್ದರೂ ಬಾಯಿ ತೆರೆದ. ಅಲ್ಲಿಂದ ನಿಮ್ಮ ಹಿಂದೆಯೇ ಕದ್ದು ಬಂದೆ. ಬೆಜೆಸ್ತೇನಿಯಲ್ಲಿ ನೀನು ಸುಲ್ತಾನರ ಕಥೆ ಹೇಳುವಾಗ ಇಬ್ಬರು ತೂಕಡಿಸುತ್ತಿದ್ದರು. ಹಳೆಯ ದುಂಡು ಗುಡಿ ರೊಟೊಂಡಾದ ಗುಮ್ಮಟದ ಕೆಳಗೆ "ತಲೆಯೆತ್ತಿ ನೋಡಿ" ಎಂದೆಯಲ್ಲ, ಒಬ್ಬಳಂತೂ ತಲೆಯೆತ್ತಿದರೆ ತಿಂದದ್ದು ಮೇಲೆ ಬಂದೀತೆಂದು ನೆಲವನ್ನೇ ನೋಡುತ್ತಿದ್ದಳು.

ಕೊನೆಗೆ ನಿನ್ನ ಮನೆಯಲ್ಲಿ ನಿನ್ನ ಹೆಮ್ಮೆಯ ಊಟ. ಅಜ್ಜಿಯ ಚಿಪ್ಪುಮೀನಿನ ಅನ್ನ. "ಇದಕ್ಕಾಗಿಯೇ ದಿನವಿಡೀ ನಡೆದದ್ದು" ಎಂದು ನೀನು ಮುಸುಕು ತೆಗೆದರೆ ಯಾರೂ ಚಮಚ ಎತ್ತಲಿಲ್ಲ. ಆಗ ಕಿಟಕಿಯಿಂದ ಕಂಡ ನಿನ್ನ ಮುಖ! ಅದನ್ನು ಕಲ್ಲಿನಲ್ಲಿ ಕೆತ್ತಿ ಬಿಳಿ ಗೋಪುರದ ಮುಂದೆ ನಿಲ್ಲಿಸಬೇಕು. ನೀನು ಅವರನ್ನು ಹೋಟೆಲಿಗೆ ಬಿಡಲು ಹೋದಾಗ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದು, ಮುಟ್ಟದ ಎಂಟು ತಟ್ಟೆಗಳನ್ನು ಎಣಿಸಿ, ಅನ್ನವನ್ನೆಲ್ಲ ಬೆಕ್ಕುಗಳಿಗೆ ಹಾಕಿದೆ. ಸೇಡು ತೀರಿತು.

ಇಂತಿ, ಫಲಕದಲ್ಲಿ ಹಿಡಿಸದವಳು,
ಕಲಿಪ್ಸೊ

ತಾ.ಕ.: ತಟ್ಟೆಗಳು ಎಂಟಲ್ಲ, ಒಂಬತ್ತಿದ್ದವು. ಒಂಬತ್ತನೆಯದರಲ್ಲಿ ಕೆನೆಯ ಸಿಹಿ, ಒಂದು ಮೇಣದಬತ್ತಿ, ಚೀಟಿಯ ಮೇಲೆ ನಿನ್ನ ಕಾಗೆಕಾಲು ಅಕ್ಷರದಲ್ಲಿ ನನ್ನ ಹೆಸರು. ಆಗ ನೆನಪಾಯಿತು: ಏಳು ವರ್ಷದವಳಿದ್ದ ನಾನು ನನ್ನ ಹೆಸರಿಗೆ ಸಂತರೇ ಇಲ್ಲವೆಂದು ಅಳುತ್ತಿದ್ದಾಗ, "ಅಕ್ಟೋಬರ್ ಒಂಬತ್ತು ನಿಂದು, ತಗೋ, ಅಳ್ಬೇಡ" ಎಂದು ಒಂದು ದಿನವನ್ನೇ ಕೊಟ್ಟವನು ನೀನು. ಮಾವನಿಗೆ ಸುಳ್ಳು ಹೇಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಮರೆತವಳು ನಾನು. ಮತ್ತೆ, ಬೆಕ್ಕುಗಳಿಗೆ ಏನೂ ಸಿಗಲಿಲ್ಲ. ಬೆಳಗಿನಿಂದ ನಾನು ಒಂದು ಆಲಿವನ್ನೂ ತಿಂದಿರಲಿಲ್ಲ, ಅಣ್ಣ.