ಆರು ರಾತ್ರಿ ಕರೆಂಟಿರಲಿಲ್ಲ

ಅತ್ಸುಮಿ
27 ನವೆಂಬರ್ 1994, ಭಾನುವಾರ

ರೀ,

ಬಲಗೈ ಸ್ವಲ್ಪವಾದರೂ ಆಡುತ್ತಿದೆಯೇ? ಮಾತು ಇನ್ನೂ ಬಂದಿಲ್ಲ, ಗಂಜಿಯನ್ನೂ ಹಾಗೇ ಬಿಡುತ್ತಾರೆ ಎಂದು ನರ್ಸು ಫೋನಿನಲ್ಲಿ ದೂರಿದಳು. ಉಪ್ಪು ಹಾಕಿದ ಪ್ಲಮ್ ಕಳಿಸಿದ್ದೇನೆ, ಅದನ್ನು ನಂಚಿಕೊಂಡಾದರೂ ತಿನ್ನಿ. ನಾನು ಚೆನ್ನಾಗಿದ್ದೇನೆ. ಹಸಿವಾಗುತ್ತದೆ, ನಿದ್ದೆಯೂ ಬರುತ್ತದೆ.

ಸೇವಂತಿಗೆಯ ವಿಷಯ ಇಷ್ಟು ದಿನ ಬರೆದಿರಲಿಲ್ಲ. ಸೆಪ್ಟೆಂಬರ್ ಕೊನೆಯ ಚಂಡಮಾರುತಕ್ಕೆ ಕಂಬಗಳು ಉರುಳಿ ಆರು ರಾತ್ರಿ ಕರೆಂಟಿರಲಿಲ್ಲ. ಮೊಗ್ಗು ಬಾರದಂತೆ ತಡೆಯಲು ಗಾಜಿನ ಮನೆಯಲ್ಲಿ ನೀವು ರಾತ್ರಿ ಹೊತ್ತಿಸುತ್ತಿದ್ದ ಬಲ್ಬುಗಳು ಉರಿಯಲಿಲ್ಲ. ಎರವಲು ತಂದ ಜನರೇಟರ್ ಒಂದು ಗಂಟೆ ಕೆಮ್ಮಿ ಸುಮ್ಮನಾಯಿತು. ನೀವಿದ್ದಿದ್ದರೆ ಅದನ್ನು ಬಿಚ್ಚಿಕೊಂಡು ಕೂರುತ್ತಿದ್ದಿರಿ. ಏಳನೆಯ ದಿನ ಕೃಷಿ ಕಚೇರಿಯ ಕುರೆಬಯಾಶಿ ಬಂದು ಒಂದು ಗಿಡದ ಕುಡಿ ಸೀಳಿ ಭೂತಗನ್ನಡಿಯಲ್ಲಿ ನೋಡಿದ. "ಅಕ್ಕಾ, ರಾತ್ರಿ ಉದ್ದ ಆಯ್ತು ಅಂತ ಎಲೆಗೆ ಗೊತ್ತಾಗೋಯ್ತು. ಹೂ ಬಿಡು ಅಂತ ಕುಡಿಗೆ ಹೇಳಿ ಕಳಿಸಿಯೂ ಆಯ್ತು. ಇನ್ನು ದೀಪ ಹಾಕಿ ಏನು ಮಾಡ್ತೀರಿ?" ಎಂದ. ಹೊಸ ವರ್ಷದ ಹೊತ್ತಿಗೆ ಸೊಂಟದೆತ್ತರ ಬರಬೇಕಿದ್ದ ಗಿಡಗಳು ಮೊಣಕಾಲೆತ್ತರದಲ್ಲೇ ಮೊಗ್ಗು ಕಟ್ಟಿದವು. ಉದ್ದ ಬೆಳೆಸುವ ಹಾರ್ಮೋನು ಸಿಂಪಡಿಸಿ ನೋಡಿದೆವು. ಹೂವಿನ ಕೆಳಗಿನ ಕತ್ತಷ್ಟೇ ಸಪೂರವಾಗಿ ಬೆಳೆದು ಬಾಗಿತು. ಮಾರುಕಟ್ಟೆಯವರು ಬೇಡವೆಂದರು.

ನನಗೆ ಅಳು ಬರಲಿಲ್ಲ. ಎಲ್ಲ ಕೊಯ್ದು ಗುಂಡಿಗೆ ಹಾಕೋಣವೆಂದು ಕುಡುಗೋಲು ಹಿಡಿದು ಹೊರಟರೆ ನಿಮ್ಮ ಅಮ್ಮ ಅಡ್ಡ ನಿಂತರು. "ಅರಳ್ತಿರೋದನ್ನ ಯಾಕೇ ಕುಯ್ತೀಯ? ನಿನ್ನ ಹೊಸ ವರ್ಷ ಯಾವತ್ತು ಅಂತ ಅದಕ್ಕೇನು ಗೊತ್ತು?" ಎಂದು ಬೈದರು. ದಿನಾ ಸಂಜೆ ಕೋಲೂರಿಕೊಂಡು ಹೋಗಿ ಅಲ್ಲೇ ಕೂರುತ್ತಿದ್ದರು. ಮನೆಗೆ ಬಂದವರೇ "ನಮ್ಮ ತೊಕುಜಿ ಊಟ ಮಾಡಿದ್ನಂತಾ?" ಎಂದು ಕೇಳುತ್ತಿದ್ದರು. ಮಾಡಿದರಂತೆ ಎನ್ನುತ್ತಿದ್ದೆ.

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಅಮ್ಮ ಏಳಲಿಲ್ಲ. ಮಿಸೊ ಸಾರು ಆರುತ್ತದೆಂದು ಕರೆಯಲು ಹೋದೆ. ಕೈ ತಣ್ಣಗಿತ್ತು. ಮಗನಿಗೆ ಈಗಲೇ ತಿಳಿಸಬೇಡಿ ಎಂದರು ನಿಮ್ಮ ಡಾಕ್ಟರು. ಎರಡು ವಾರ ಅವರ ಮಾತು ಕೇಳಿದೆ, ಇನ್ನಾಗಲಿಲ್ಲ. ಶವಪೆಟ್ಟಿಗೆ ಮುಚ್ಚುವ ಮುಂಚೆ ಸುತ್ತ ಬರೀ ಹೂ ತುಂಬುತ್ತಾರಲ್ಲ, ಅದಕ್ಕೆ ದಂಟಿನ ಉದ್ದ ಯಾರೂ ಕೇಳುವುದಿಲ್ಲ. ನಾನೂ ಕುರೆಬಯಾಶಿಯೂ ಬುಟ್ಟಿಗಟ್ಟಲೆ ಬಿಡಿಸಿದೆವು. ಗಲ್ಲದವರೆಗೂ ಬಿಳಿ ಹೂವೇ. ನಿಮ್ಮ ಹೆಸರಿನಲ್ಲಿ ಒಂದನ್ನು ಕಿವಿಯ ಹತ್ತಿರ ಇಟ್ಟೆ. ಬಂದವರೆಲ್ಲ ಅತ್ತರು. ನಾನು ಚಹಾ ಕೊಟ್ಟೆ, ಲೋಟ ತೊಳೆದೆ. ಅಸ್ಥಿಯ ಕುಡಿಕೆ ಬುದ್ಧನ ಪೀಠದ ಮುಂದಿದೆ. ನೀವು ಬರುವ ತನಕ ಅದನ್ನು ಮನೆತನದ ಗೋರಿಯಲ್ಲಿ ಇಡುವುದಿಲ್ಲ.

ಚಳಿ ಹೆಚ್ಚಿದೆ, ಉಣ್ಣೆಯ ಕಾಲುಚೀಲ ಹಾಕಿಸಿಕೊಳ್ಳಿ. ಪಕ್ಕದ ಹಾಸಿಗೆಯ ಅಜ್ಜನಿಗೆ ನನ್ನ ನಮಸ್ಕಾರ.

ನಿಮ್ಮ
ಮಿಸಾವೊ

ತಾ.ಕ.: ವಸಂತದ ಬೆಳೆಗೆ ಸಸಿ ಬೇಡವೆಂದು ನಿನ್ನೆ ಸಹಕಾರ ಸಂಘಕ್ಕೆ ಹೇಳಿಬಿಟ್ಟೆ. ನನ್ನೊಬ್ಬಳ ಕೈಲಿ ಆಗುವುದಿಲ್ಲ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಹತ್ತನೇ ತಾರೀಕಿನೊಳಗೆ ಮಾತು ಬದಲಿಸಬಹುದಂತೆ. ಸಿಟ್ಟು ಬಂದರೆ ಎಡಗೈಯಲ್ಲಾದರೂ ಬರೆದು ಬೈಯಿರಿ. ಒಂದೇ ಅಕ್ಷರವಾದರೂ ನನಗೆ ಅರ್ಥವಾಗುತ್ತದೆ.